ರೇಡಿಯೋ ಮನೆಯ ಎರಡನೇ ಮುದ್ದೆ

ಹೇಮಾಶ್ರೀಯ ಅಡುಗೆಮನೆಗೆ ಹೋದವರು ನಗದೆ ಆಚೆ ಬರುವುದಿಲ್ಲ. ಸಾರಿನಪುಡಿ ಡಬ್ಬಿಯ ಮೇಲೆ ಒಂದು ಚೀಟಿ, ಅದರಲ್ಲಿ ಪುಡಿ ಮಾಡಿಸಿದ ತಾರೀಖು. ಹುಣಸೆಹಣ್ಣಿನ ಭರಣಿಯ ಮೇಲೆ ಇನ್ನೊಂದು, ಯಾರ ಮರದ್ದು, ಯಾವ ವರ್ಷದ್ದು ಎಂದು. ಫ್ರಿಜ್ಜಿನ ಬಾಗಿಲಲ್ಲಿ ಒಳಗಿರುವ ಪದಾರ್ಥಗಳ ಪಟ್ಟಿ. ಅವಳ ಗಂಡ ಕುಮಾರ ಹಳೇಬೀಡಿನ ಬ್ಯಾಂಕೊಂದರಲ್ಲಿ ಗುಮಾಸ್ತ, ಪಾಪದ ಮನುಷ್ಯ. "ನನ್ ಬೆನ್ನಿಗೂ ಒಂದು ಚೀಟಿ ಅಂಟಿಸಿರ್ತಾಳೆ ಮೇಡಂ, ನಂಗೆ ಕಾಣಲ್ಲ ಅಷ್ಟೆ" ಎಂದು ಒಮ್ಮೆ ನನ್ನ ಮುಂದೆ ಹೇಳಿದ್ದ. ಹೇಮಾ ಅದಕ್ಕೂ ಕೋಪಿಸಿಕೊಳ್ಳಲಿಲ್ಲ. ಚೀಟಿ ಇಲ್ಲದ ಡಬ್ಬಿ ಮುಂದೆ ಯಾರಿಗೋ ತೊಂದರೆ ಕೊಡುತ್ತದೆ ಎಂಬುದು ಅವಳ ನಂಬಿಕೆ.

ನಾವಿಬ್ಬರೂ ಅರಸೀಕೆರೆಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇವೆ. ಅವಳದು ಆಹಾರ ವಿಜ್ಞಾನ, ನನ್ನದು ಅರ್ಥಶಾಸ್ತ್ರ. ಬೆಳಗ್ಗೆ ಹಳೇಬೀಡಿನಲ್ಲಿ ಒಟ್ಟಿಗೆ ಬಸ್ ಹತ್ತುತ್ತೇವೆ, ಜಾವಗಲ್ ದಾಟುವ ಹೊತ್ತಿಗೆ ಅವಳು ಅರ್ಧ ಪೇಪರ್ ತಿದ್ದಿ ಮುಗಿಸಿರುತ್ತಾಳೆ, ನಾನು ಒಂದು ನಿದ್ದೆ ಮುಗಿಸಿರುತ್ತೇನೆ. ನನಗೆ ಬಾಯಿ ಸ್ವಲ್ಪ ಜೋರು. ಪ್ರಿನ್ಸಿಪಾಲರೂ ಕಾರಿಡಾರಿನಲ್ಲಿ ನನ್ನನ್ನು ಕಂಡರೆ ಫೋನ್ ಬಂದವರಂತೆ ಜೇಬು ತಡವುತ್ತಾರೆ. ಇಂಥ ನನ್ನ ಪಕ್ಕದಲ್ಲಿ ಇಷ್ಟು ವರ್ಷ ದಿನವೂ ಕೂತವಳು ಎಂದರೆ ಅವಳ ತಾಳ್ಮೆ ಎಷ್ಟಿರಬೇಕು ಎಂದು ನೀವೇ ಲೆಕ್ಕ ಹಾಕಿ. ಅವಳ ಕತೆಯನ್ನು ಬೇರೆಯವರು ತಪ್ಪು ತಪ್ಪಾಗಿ ಹೇಳುವುದನ್ನು ಕೇಳಿ ಕೇಳಿ ಸಾಕಾಗಿ ನಾನೇ ಹೇಳಲು ಕೂತಿದ್ದೇನೆ.

ಅವಳು ಮಾದಿಹಳ್ಳಿ ಕಡೆಯ ಹುಡುಗಿ. ಅಪ್ಪ ಕೆಂಚಪ್ಪನಿಗೆ ಒಂದಿಷ್ಟು ತೆಂಗು, ರಾಗಿ ಹೊಲ, ಕೆರೆಯ ಕೆಳಗೆ ತುಂಡು ಗದ್ದೆ. ಹಳೇಬೀಡಿನಲ್ಲಿ ಹೈಸ್ಕೂಲು, ಹಾಸನದಲ್ಲಿ ಡಿಗ್ರಿ, ಮೈಸೂರಿನಲ್ಲಿ ಎಂಎಸ್ಸಿ. ಓದು ಮುಗಿಸಿ ದೂರ ಹೋಗುವ ಅವಕಾಶ ಅವಳಿಗೂ ಇತ್ತು. ಆದರೆ ಅವಳ ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿತ್ತು. ಮನೆಯಲ್ಲಿ ರಾಗಿ ಇದೆ, ಹಾಲಿದೆ, ತೆಂಗಿದೆ, ಆದರೂ ಅಂಥ ಮನೆಗಳ ವಯಸ್ಸಾದವರಲ್ಲಿ ಎಷ್ಟೋ ಜನ ಯಾಕೆ ಅಷ್ಟು ಸೊರಗಿರುತ್ತಾರೆ? ಬಡತನವಿಲ್ಲದ ಮನೆಯಲ್ಲಿ ಹಸಿವು ಹೇಗೆ ಬರುತ್ತದೆ? ಇದನ್ನು ತನ್ನೂರು, ಸುತ್ತಲ ಊರುಗಳಲ್ಲಿ ಮನೆ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು, ಒಂದು ವರ್ಷ ಬಿಟ್ಟು ಅದೇ ಜನರನ್ನು ಮತ್ತೆ ಕೇಳಬೇಕು ಎಂದು ಯೋಜನೆ ಹಾಕಿದಳು. ಮೈಸೂರಿನಲ್ಲಿ ಅವಳಿಗೆ ಪಾಠ ಮಾಡಿದ್ದ ಪ್ರೊಫೆಸರು ಜೊತೆಗೆ ನಿಂತರು. ಅನುದಾನಕ್ಕೆ ಅರ್ಜಿ ಬರೆಯುವುದು ಶುರುವಾಯಿತು.

ಈಗೀಗ ಸಂಶೋಧನೆಗೆ ಹಣ ಕೊಡುವವರು ಅರ್ಜಿಯಲ್ಲಿ ಒಂದು ಪುಟ ಹೆಚ್ಚಿಗೆ ಕೇಳುತ್ತಾರೆ. ನೀವು ಕೂಡಿಸಿದ ಮಾಹಿತಿಯನ್ನು ಎಲ್ಲಿಡುತ್ತೀರಿ, ಯಾರು ತೆರೆದು ನೋಡಬಹುದು, ಕಳೆದುಹೋಗದಂತೆ ಏನು ಮಾಡುತ್ತೀರಿ, ಕೆಲಸ ಮುಗಿದ ಮೇಲೆ ಬೇರೆಯವರಿಗೆ ಹೇಗೆ ಹಂಚುತ್ತೀರಿ ಎಂದು ಅದರಲ್ಲಿ ಬರೆಯಬೇಕು. ನಮ್ಮ ಸ್ಟಾಫ್ ರೂಮಿನಲ್ಲಿ ಅದಕ್ಕೆ ಡೇಟಾ ಪುಟ ಎನ್ನುತ್ತಾರೆ. ಜನರ ದುಡ್ಡಿನಲ್ಲಿ ಕೂಡಿಸಿದ ಮಾಹಿತಿ ಒಬ್ಬರ ಬೀರುವಿನಲ್ಲಿ ಕೊಳೆಯದೆ ಇನ್ನೊಬ್ಬರ ಕೆಲಸಕ್ಕೂ ಬರಲಿ ಎಂಬುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ, ನಾನೇನೂ ಅಲ್ಲಗಳೆಯುವುದಿಲ್ಲ. ಆದರೆ ಸಸ್ಯಶಾಸ್ತ್ರದ ಸುನಿಲ್ ಆ ಪುಟವನ್ನು ಇನ್ಯಾರದೋ ಅರ್ಜಿಯಿಂದ ಎತ್ತಿ ಹಾಗೇ ಅಂಟಿಸುತ್ತಾನೆ. "ಅದನ್ನ ಯಾರೂ ಓದಲ್ಲ ಬಿಡಿ ಮೇಡಂ" ಎನ್ನುತ್ತಾನೆ.

ಹೇಮಾ ಹಾಗಲ್ಲ. ಡಬ್ಬಿಗೆ ಚೀಟಿ ಹಚ್ಚುವವಳಿಗೆ ಆ ಪುಟ ಹಬ್ಬವಾಯಿತು. ಒಂದು ಪ್ರತಿ ಕಾಲೇಜಿನ ಕಂಪ್ಯೂಟರಿನಲ್ಲಿ, ಒಂದು ಬೀಗ ಹಾಕಿದ ಬೀರುವಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಮೈಸೂರಿನಲ್ಲಿ. ಯಾವ ಫೈಲಿಗೆ ಯಾವ ಹೆಸರು, ಯಾವ ಕಾಲಂನಲ್ಲಿ ಏನಿದೆ ಎಂಬ ವಿವರಣೆ. ಜನರ ಹೆಸರು, ಆಧಾರ್ ನಂಬರು, ಫೋನು, ಎಲ್ಲವನ್ನೂ ಅಳಿಸಿ ಬದಲಿಗೆ ಒಂದೊಂದು ಗುರುತು. ಆಮೇಲೆ ಎಲ್ಲವನ್ನೂ ಯಾರು ಬೇಕಾದರೂ ನೋಡುವಂತೆ ಇಂಟರ್‌ನೆಟ್ಟಿನಲ್ಲಿ ಇಡುವುದು. ಕೊನೆಗೆ ತಾನೇ ಒಂದು ಸಾಲು ಸೇರಿಸಿದಳು. ಮಾಹಿತಿ ಕೊಟ್ಟ ಊರಿಗೂ ಅದನ್ನು ಕನ್ನಡದಲ್ಲಿ ಹಿಂದಿರುಗಿಸಲಾಗುವುದು ಎಂದು. "ಅವರಿಂದ ತಗೊಂಡು ಪೇಟೆಯವರಿಗೆ ಮಾತ್ರ ಕೊಟ್ರೆ ನ್ಯಾಯನಾ ಅಕ್ಕ?" ಎಂದು ಬಸ್ಸಿನಲ್ಲಿ ನನ್ನನ್ನು ಕೇಳಿದಳು. ನ್ಯಾಯವಲ್ಲ ಎಂದೆ. ಈಗಲೂ ಅದನ್ನೇ ಹೇಳುತ್ತೇನೆ.

ಅನುದಾನ ಬಂತು. ಆಯ್ಕೆ ಸಮಿತಿಯವರು ಬೇರೆಲ್ಲ ಬಿಟ್ಟು ಆ ಪುಟವನ್ನು ಹೊಗಳಿದರು. ಹಾಸನದಲ್ಲಿ ಒಂದು ಕಾರ್ಯಾಗಾರ ನಡೆದಾಗ ಡೇಟಾ ಪುಟ ಬರೆಯುವುದು ಹೇಗೆ ಎಂದು ಹೇಳಿಕೊಡಲು ಇವಳನ್ನೇ ಕರೆದರು. ರೇಷ್ಮೆ ಸೀರೆ ಉಟ್ಟು ಹೋಗಿ ಬಂದಳು. ಜೊತೆಗೆ ನಾನೂ ಹೋಗಿದ್ದೆ. ಹಿಂದಿರುಗುವಾಗ ಬಸ್ಸಿನಲ್ಲಿ, ಅಲ್ಲಿ ಹಾಕಿದ್ದ ಹಾರವನ್ನು ಚೀಲದೊಳಗೆ ಮುಚ್ಚಿಟ್ಟುಕೊಂಡಿದ್ದಳು, ಆದರೆ ಚೀಲದ ಬಾಯನ್ನು ಮುಚ್ಚಿರಲಿಲ್ಲ. ನಾನು ನೋಡಿ ನಕ್ಕೆ, ಅವಳೂ ನಕ್ಕಳು.

ಇನ್ನು ಆ ಗುರುತುಗಳ ವಿಚಾರ. ನಂಬರು ಕೊಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ವರ್ಷ ಬಿಟ್ಟು ಅದೇ ಮನೆಗೆ ಮತ್ತೆ ಹೋಗಬೇಕಲ್ಲ. ಊರಿನಲ್ಲಿ ಆಧಾರ್ ಹೆಸರು ಹಿಡಿದು ಹೊರಟರೆ ಯಾರ ಮನೆಯೂ ಸಿಗುವುದಿಲ್ಲ. ಮಹದೇವಮ್ಮ ಎಲ್ಲಿ ಎಂದರೆ ಯಾವ ಮಹದೇವಮ್ಮ ಎನ್ನುತ್ತಾರೆ. ಮನೆಗಳಿಗೆ ಬೇರೆಯೇ ಕರೆಯುವ ಹೆಸರುಗಳಿವೆ. ಗಾಣದ ಮನೆ, ಎರಡು ಬೇವಿನ ಮನೆ, ಬಸ್ಸಿನ ಮನೆ. ಗಾಣ ಹೋಗಿ ಎಷ್ಟೋ ಕಾಲವಾಯಿತು, ಬೇವು ಈಗ ಒಂದೇ ಇದೆ, ಬಸ್ಸು ಯಾರ ಕಾಲದಲ್ಲಿ ಇತ್ತೋ ಗೊತ್ತಿಲ್ಲ. ಈ ಹೆಸರುಗಳು ರೇಷನ್ ಕಾರ್ಡಿನಲ್ಲಿಲ್ಲ, ಪಹಣಿಯಲ್ಲಿಲ್ಲ, ಮತದಾರರ ಪಟ್ಟಿಯಲ್ಲೂ ಇಲ್ಲ. ಯಾವ ಕಾಗದದಲ್ಲೂ ಇಲ್ಲದ್ದರಿಂದ ಯಾರನ್ನೂ ಪತ್ತೆ ಹಚ್ಚಲಾಗದು ಎಂದು ಹೇಮಾ ಅವನ್ನೇ ಗುರುತು ಮಾಡಿಕೊಂಡಳು. ಗಾಣ, ಬೇವು, ಬಸ್ಸು. ದೂರದ ಸಮಿತಿಯವರಿಗೆ ಅವು ಸುಮ್ಮನೆ ಆರಿಸಿಕೊಂಡ ಚೆಂದದ ಪದಗಳಂತೆ ಕಂಡವು.

ನಾನು ಹೇಳಬೇಕಾದ ಮನೆಯನ್ನು ಇಲ್ಲಿ ರೇಡಿಯೋ ಮನೆ ಎಂದು ಕರೆಯುತ್ತೇನೆ. ಊರಿನವರು ಕರೆಯುವ ಹೆಸರು ಬೇರೆ, ಉಳಿದ ಹೆಸರುಗಳನ್ನೂ ಬದಲಿಸಿದ್ದೇನೆ. ನಿಜದ ಹೆಸರು ಬರೆದರೆ ಹೇಮಾಶ್ರೀ ಪಟ್ಟ ಪಾಡು ನೋಡಿಯೂ ನಾನು ಏನೂ ಕಲಿಯಲಿಲ್ಲ ಎಂದಾಗುತ್ತದೆ. ಒಂದು ಕಾಲದಲ್ಲಿ ಊರಿಗೆಲ್ಲ ಒಂದೇ ರೇಡಿಯೋ ಇದ್ದದ್ದು ಆ ಮನೆಯಲ್ಲಿ ಎಂದಿಟ್ಟುಕೊಳ್ಳಿ. ಸಂಜೆ ಕೃಷಿ ಕಾರ್ಯಕ್ರಮ ಕೇಳಲು ಬಂದವರನ್ನು ಉಣ್ಣಿಸದೆ ಕಳಿಸುತ್ತಿರಲಿಲ್ಲವಂತೆ. ಬಡಿಸುತ್ತಿದ್ದವರು ಮಹದೇವಮ್ಮ, ಆಗಿನ್ನೂ ಹರೆಯದ ಸೊಸೆ. ಈಗ ಆಕೆಗೆ ಎಪ್ಪತ್ತು ದಾಟಿದೆ. ಮಗ ಮಧುಕುಮಾರ್ ಹಾಲಿನ ಡೇರಿಯ ನಿರ್ದೇಶಕರಲ್ಲೊಬ್ಬ, ಸೊಸೆ ದಿವ್ಯಾ ಮನೆ, ಹಸು ಎರಡನ್ನೂ ನೋಡಿಕೊಳ್ಳುವವಳು. ಊಟ ಎಂದರೆ ಆ ಮನೆ ಎಂದು ಊರಿನಲ್ಲಿ ಈಗಲೂ ಹೇಳುತ್ತಾರೆ.

ಹೇಮಾ ಹೋದಾಗ ಮಹದೇವಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಹೇಮಾ ಊರ ರೂಢಿಯಂತೆ ಅವರನ್ನು ಅತ್ತೆ ಎನ್ನುತ್ತಾಳೆ. ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯುತ್ತ ಒಂದೊಂದೇ ಪ್ರಶ್ನೆ ಕೇಳಿದಳು.

"ಇನ್ನೊಂದು ಮುದ್ದೆ ಬೇಕು ಅನ್ನಿಸಿದ್ರೆ ಕೇಳ್ತೀರಾ ಅತ್ತೆ?"

"ಕೇಳಾಕಿಲ್ಲ ಕಣವ್ವ."

"ಯಾಕೆ?"

"ನಾಚ್ಕೆ ಆಯ್ತದೆ. ಊರಿಗೆಲ್ಲ ಇಕ್ಕಿದ ಕೈ ಇದು. ಈಗ ತಟ್ಟೆ ಮುಂದೆ ಕುಂತ್ಕಂಡು ಇನ್ನೊಂದು ಇಕ್ಕು ಅನ್ನಾಕೆ ಬಾಯೇ ಬರಾಕಿಲ್ಲ."

"ದಿವ್ಯಕ್ಕ ಕೇಳಲ್ವಾ?"

"ಕೆಟ್ಟೋಳಲ್ಲ ಅವ್ಳು. ಒಂದು ಇಕ್ತಾಳೆ, ಸಾರು ಬಿಡ್ತಾಳೆ, ಹಾಲು ಕರೆಯಾಕೆ ಓಯ್ತಾಳೆ. ಮುದುಕಿಗೆ ಎಷ್ಟು ಬೇಕು ಅಂದ್ಕಂತಾಳೆ. ಒಂದೊಂದು ದಿನ ಮಲಿಕ್ಕಂಡ ಮೇಲೆ ಹೊಟ್ಟೆ ಚುರ್ ಅಂತೈತೆ. ನೀನು ನಮ್ಮೂರ ಮಗ್ಳು ಅಂತ ಯೋಳ್ದೆ. ಯಾರ್ಗೂ ಗೊತ್ತಾಗಬಾರ್ದು ಕಣೇ."

"ನಿಮ್ಮ ಹೆಸರು ಎಲ್ಲೂ ಬರಲ್ಲ ಅತ್ತೆ" ಎಂದು ಹೇಮಾ ಮಾತು ಕೊಟ್ಟಳು. ಆ ಮಾತನ್ನು ಅವಳು ಅಕ್ಷರಶಃ ಉಳಿಸಿಕೊಂಡಳು ಎನ್ನುವುದೇ ಇದರಲ್ಲಿ ಸಂಕಟದ ಸಂಗತಿ. ಮಹದೇವಮ್ಮ ಎಂಬ ಹೆಸರು ಆ ಫೈಲಿನಲ್ಲಿ ಎಲ್ಲಿಯೂ ಬರಲಿಲ್ಲ.

ಮೊದಲ ಸುತ್ತು ಮುಗಿಯಿತು. ಹೇಳಿದ ದಿನಕ್ಕೆ ಸರಿಯಾಗಿ ಮಾಹಿತಿ ಇಂಟರ್‌ನೆಟ್ಟಿಗೆ ಏರಿತು. ಕನ್ನಡದ ಪ್ರತಿಯನ್ನು ಪಂಚಾಯ್ತಿ ಗ್ರಂಥಾಲಯಕ್ಕೆ ಕೊಟ್ಟು, ಲಿಂಕನ್ನು ಗೋಡೆಗೆ ಅಂಟಿಸಿ ಬಂದಳು. ಅಂಟಿಸಿದ ಕಾಗದ ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಟೇಪು ಹಾಕಿದ್ದಳಂತೆ. ಕೊಟ್ಟ ಮಾತಿನಂತೆ ನಡೆದ ಖುಷಿ ಅವಳ ಮುಖದಲ್ಲಿ ಇತ್ತು, ನಾನೇ ನೋಡಿದ್ದೇನೆ.

ಬಸ್ ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿರುವ ದೀಪಕ್ ಅದನ್ನು ತೆರೆದು ನೋಡಿದ. ಅವನಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ನಮ್ಮೂರು ಇಂಟರ್‌ನೆಟ್ಟಿನಲ್ಲಿ ಬಂದಿದೆ ಎಂದು ಸಂಭ್ರಮಪಟ್ಟು ಇಡೀ ಫೈಲನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಮರುದಿನ ಡೇರಿಯ ಮುಂದೆ ಹಾಲು ಹಿಡಿದು ನಿಂತವರೆಲ್ಲ ಫೋನಿನಲ್ಲಿ ತಮ್ಮ ತಮ್ಮ ಮನೆ ಹುಡುಕತೊಡಗಿದರು. ಸಕ್ಕರೆ ಕಾಯಿಲೆಯ ಗಾಣದ ಮನೆ ಅಜ್ಜ ಕದ್ದು ಬೆಲ್ಲ ತಿನ್ನುತ್ತಾನೆ ಎಂದು ತಿಳಿದು ಎಲ್ಲರೂ ನಕ್ಕರು, ಅಜ್ಜನೂ ನಕ್ಕ. ಅದರ ಕೆಳಗೆ ಇನ್ನೊಂದು ಸಾಲಿತ್ತು. ರೇಡಿಯೋ, ಹಿರಿಯ ಮಹಿಳೆ. ಎರಡನೇ ಸಲ ಕೇಳಿ ಬಡಿಸಿಕೊಳ್ಳುವುದು: ಇಲ್ಲ. ಕಾರಣ: ನಾಚಿಕೆ. ಹಸಿದು ಮಲಗುವುದು: ಆಗಾಗ.

ಆ ಮನೆಯಲ್ಲಿ ಹಿರಿಯ ಮಹಿಳೆ ಎಂದರೆ ಒಬ್ಬರೇ. ದಿವ್ಯಾ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು. "ನಿಮ್ಮತ್ತೆನ ನಮ್ಮನೆಗಾದ್ರೂ ಕಳ್ಸೇ, ಇನ್ನೊಂದು ಮುದ್ದೆ ಇಕ್ತೀವಿ" ಎಂದು ಹಿಂದಿನಿಂದ ಯಾರೋ ಹೆಂಗಸು ಅಂದಳು. ದಿವ್ಯಾ ಹಾಲು ಅಳೆಸದೆ ಕ್ಯಾನು ಎತ್ತಿಕೊಂಡು ಮನೆಗೆ ಹೋದಳು. ಆ ದಿನ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲವಂತೆ. ಮಧುಕುಮಾರ್ ಹೇಮಾಳ ಅಪ್ಪನಿಗೆ ಫೋನ್ ಮಾಡಿ, "ನಿನ್ ಮಗ್ಳು ನಮ್ಮನೆ ಅನ್ನ ಉಂಡು ಬೆಳ್ದೋಳು ಕೆಂಚಪ್ಪಣ್ಣ, ಈಗ ನಮ್ಮನೆ ಅನ್ನದ ಮಾನ ಕಳೆದವ್ಳೆ" ಎಂದ. ಕೆಂಚಪ್ಪ ಅಂದಿನಿಂದ ಡೇರಿಗೆ ಹೋಗುವುದನ್ನು ಬಿಟ್ಟ, ಹಾಲನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸತೊಡಗಿದ.

ಮರುದಿನ ಬಸ್ಸಿನಲ್ಲಿ ಹೇಮಾ ಪೇಪರ್ ತಿದ್ದಲಿಲ್ಲ. ಕಿಟಕಿಗೆ ಮುಖ ಮಾಡಿ ಕೂತು ನಡೆದದ್ದೆಲ್ಲ ಹೇಳಿದಳು.

"ನಾನು ಹೆಸರು ತೆಗೆದಿದ್ದೆ ಅಕ್ಕ. ಎಲ್ಲರ ಹೆಸರೂ ತೆಗೆದಿದ್ದೆ."

"ಕಾಗದದ ಹೆಸರು ತೆಗೆದು ಕರೆಯೋ ಹೆಸರು ಇಟ್ಟಿದ್ದೀಯಲ್ಲೇ" ಎಂದೆ ನಾನು. ನನ್ನ ಬಾಯಿ ಇಂಥ ಹೊತ್ತಿನಲ್ಲೂ ಸುಮ್ಮನಿರುವುದಿಲ್ಲ.

"ಅದು ಹೆಸರು ಅಂತ ನಂಗೆ ಅನ್ನಿಸಲೇ ಇಲ್ಲ. ಹುಟ್ಟಿದಾಗಿಂದ ಹಂಗೇ ಅಂತೀವಿ. ಅದು ಮನೆ, ಅಷ್ಟೆ." ಆಮೇಲೆ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ನಾಚಿಕೆ ಆಗ್ತದೆ ಅಕ್ಕ. ಹಾಸನದಲ್ಲಿ ಹಾರ ಹಾಕಿಸ್ಕೊಂಡು ಬಂದೆನಲ್ಲ, ಅದನ್ನ ನೆನೆಸಿಕೊಂಡ್ರೆ ಮೈಯೆಲ್ಲ ಉರೀತದೆ."

ಮೈಸೂರಿನ ಪ್ರೊಫೆಸರಿಗೆ ಹೇಳಿ ಫೈಲನ್ನು ಅಂದೇ ತೆಗೆಸಿದಳು. ಆದರೆ ಊರಿನ ಫೋನುಗಳಲ್ಲಿ ಅದು ಇದ್ದೇ ಇತ್ತು. ಆ ಪುಟದಲ್ಲಿ ಮಾಹಿತಿಯನ್ನು ಹೇಗೆ ಕೊಡುವುದು ಎಂಬುದಕ್ಕೆ ಅಷ್ಟು ಸಾಲುಗಳಿದ್ದವು, ಕೊಟ್ಟಿದ್ದನ್ನು ಹಿಂದಕ್ಕೆ ಕರೆಯುವುದು ಹೇಗೆ ಎಂಬುದಕ್ಕೆ ಒಂದೂ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ ಎಂದು ನನಗೆ ಆಗ ತಿಳಿಯಿತು.

ಕೆಲವು ದಿನಗಳಲ್ಲಿ ಇನ್ನೊಂದು ಸುದ್ದಿ ಬಂತು. ಮಧುಕುಮಾರ್ ತಾಯಿಯನ್ನು ಬೇಲೂರಿನಲ್ಲಿದ್ದ ತನ್ನ ತಂಗಿಯ ಮನೆಗೆ ಕಳಿಸುವ ಮಾತಾಡುತ್ತಿದ್ದಾನೆ, ಇಲ್ಲಿ ಹಸಿದಿದ್ದರೆ ಅಲ್ಲಾದರೂ ಉಣ್ಣಲಿ ಎನ್ನುತ್ತಿದ್ದಾನೆ ಎಂದು. ಮದುವೆಯಾಗಿ ಬಂದಂದಿನಿಂದ ಆ ಮನೆ ಬಿಟ್ಟಿರದ ಮುದುಕಿ. ಅದನ್ನು ಕೇಳಿದ ಮೇಲೆ ಹೇಮಾಗೆ ಕೂತಲ್ಲಿ ಕೂರಲಾಗಲಿಲ್ಲ. "ಹೋಗ್ಬೇಕು ಅಕ್ಕ, ಒಬ್ಬಳೇ ಹೋಗೋಕೆ ಮುಖ ಇಲ್ಲ" ಎಂದಳು. ಭಾನುವಾರ ನಾನೂ ಹೊರಟೆ. ಊರು ಬಂದಾಗ ಅವಳು ಮುಂದಿನ ಬೀದಿ ಬಿಟ್ಟು ಹಿತ್ತಿಲ ದಾರಿಯಲ್ಲಿ ನನ್ನನ್ನು ಕರೆದುಕೊಂಡು ಹೋದಳು. ಹುಟ್ಟಿದ ಊರಿನಲ್ಲಿ ತಿಪ್ಪೆಗಳ ಪಕ್ಕ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಳು. ಅದನ್ನು ನೋಡಿ ನನಗೆ ಅಳು ಬಂತು.

ಮಧುಕುಮಾರ್ ಬನ್ನಿ ಎಂದ, ಕೂತ್ಕೊಳ್ಳಿ ಎನ್ನಲಿಲ್ಲ. ದಿವ್ಯಾ ನಡುಮನೆಯ ಬಾಗಿಲಿಗೆ ಒರಗಿ ನಿಂತಳು. ಅವಳ ಕಣ್ಣುಗಳು ಊದಿಕೊಂಡಿದ್ದವು. ಮಹದೇವಮ್ಮ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ಕೂತಿದ್ದರು. ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕೂತಿದ್ದರು.

"ಇದ್ದುದ್ದ ಇದ್ದಂಗೆ ಯೋಳವ್ವ" ಎಂದ ಮಧುಕುಮಾರ್ ಹೇಮಾಗೆ. "ನಮ್ಮವ್ವ ಹಂಗಂದಿದ್ಳಾ?"

ಹೇಮಾ ಬಾಯಿ ತೆರೆಯುವ ಮೊದಲೇ ಮಹದೇವಮ್ಮ ಮಾತಾಡಿದರು. "ನಾನೆಲ್ಲಿ ಅಂದೆ? ನಾನು ಹೊಟ್ಟೆ ತುಂಬ ಉಂತೀನಿ ಅಂದೆ. ಇವ್ಳು ಏನು ಕೇಳಿಸ್ಕಂಡ್ಳೋ, ಏನು ಬರ್ಕಂಡ್ಳೋ." ಹೇಳಿ ಹೇಮಾಳ ಮುಖ ನೋಡಿದರು. ಆ ನೋಟದಲ್ಲಿ ಏನಿತ್ತು ಎಂದು ನಾನು ಹೇಳಬೇಕಾಗಿಲ್ಲ. ಆ ಮನೆಯಲ್ಲಿ ಮುಂದೆಯೂ ಇರಬೇಕಾದ ಒಬ್ಬ ಹೆಂಗಸು ಬೇಡಿಕೊಳ್ಳುತ್ತಿದ್ದಳು.

"ಹೌದು ಮಧಣ್ಣ" ಎಂದಳು ಹೇಮಾ. "ಅತ್ತೆ ಹಂಗೆ ಹೇಳಲಿಲ್ಲ. ನಾನೇ ತಪ್ಪು ಬರ್ಕೊಂಡೆ. ಬೇರೆ ಮನೆದು ಇಲ್ಲಿಗೆ ಸೇರಿಹೋಯ್ತು."

ಚೀಟಿ ಇಲ್ಲದೆ ಒಂದು ಡಬ್ಬಿ ಇಡದವಳು, ಒಂದು ಅಂಕಿ ಆಚೀಚೆಯಾದರೆ ಊಟ ಬಿಡುವವಳು, ತನ್ನ ಕೆಲಸವೇ ಸುಳ್ಳು ಎಂದು ಜನರ ಮುಂದೆ ಒಪ್ಪಿಕೊಂಡಳು. ಮಧುಕುಮಾರನ ಮುಖ ಸಡಿಲವಾಯಿತು. "ಓದ್ದೋರೇ ಹಿಂಗಾದ್ರೆ ಹೆಂಗವ್ವ" ಎಂದು ಹೊರಗೆ ನಿಂತು ನೋಡುತ್ತಿದ್ದ ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿದ. ಆಮೇಲೆ ಉಂಡೇ ಹೋಗಬೇಕು ಎಂದು ಹಿಡಿದು ಕೂರಿಸಿದ.

ಆ ಊಟವನ್ನು ನಾನು ಮರೆಯಲಾರೆ. ದಿವ್ಯಾ ನಮ್ಮ ಸಾಲಿನಲ್ಲೇ ಅತ್ತೆಯನ್ನೂ ಕೂರಿಸಿದಳು. ಬಾಗಿಲು ತೆರೆದೇ ಇತ್ತು. ಮಹದೇವಮ್ಮ ಮೊದಲ ಮುದ್ದೆ ಅರ್ಧ ಮುಗಿಸುವ ಮೊದಲೇ ಇನ್ನೊಂದು ಬಂದು ತಟ್ಟೆಗೆ ಬಿತ್ತು, ಅದರ ಮೇಲೆ ತುಪ್ಪ. "ಉಣ್ಣತ್ತೆ, ಸಾಲ್ದಿದ್ರೆ ಕೇಳು, ನಾಚ್ಕಬ್ಯಾಡ" ಎಂದಳು ದಿವ್ಯಾ, ಬಾಗಿಲ ಕಡೆ ನೋಡುತ್ತ. ಅವಳನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಊರೆಲ್ಲ ಅವಳ ಕೈಯನ್ನು ಆಡಿಕೊಂಡಿತ್ತಲ್ಲ. ಮೂರನೆಯದೂ ಬಂತು. ಮುದುಕಿ ತಲೆ ಎತ್ತದೆ ಒಂದೊಂದೇ ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ನುಂಗಲಾಗದೆ ನಡುವೆ ನೀರು ಕುಡಿದರು. ಹೇಮಾ ತನ್ನ ತಟ್ಟೆಯನ್ನು ಮುಟ್ಟಲೇ ಇಲ್ಲ. ಮುದುಕಿಯನ್ನು ಬೇಲೂರಿಗೆ ಕಳಿಸುವ ಮಾತು ಅಲ್ಲಿಗೆ ನಿಂತಿತು.

ಎರಡನೇ ಸುತ್ತಿಗೆ ಮತ್ತೆ ಅರ್ಜಿ ಹಾಕಬೇಕಿತ್ತು, ಮತ್ತೆ ಆ ಪುಟ ಬರೆಯಬೇಕಿತ್ತು. ಮೊದಲ ಸಲ ಏನಾಯಿತು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳು ಎಂದರು ಪ್ರೊಫೆಸರು. "ಒಂದು ಮಾತು ಮಾತ್ರ ನನಗೆ ಗೊತ್ತಾಗಬೇಕು. ಆ ಉತ್ತರ ಸರಿಯೋ ತಪ್ಪೋ?" ಹೇಮಾ ಸರಿ ಎಂದಳು. ಹಾಗಾದರೆ ಅದನ್ನೂ ಬರೆ ಎಂದರು. ಅವಳು ಬರೆಯಲಿಲ್ಲ. ಮಂಜೂರಾದ ಅರ್ಜಿಯ ಈ ಪುಟವೂ ಇಂಟರ್‌ನೆಟ್ಟಿಗೆ ಏರುತ್ತದೆ. ಉತ್ತರಗಳೆಲ್ಲ ಸರಿಯಾಗಿದ್ದವು ಎಂದು ಒಂದು ಸಾಲು ಬರೆದರೂ ದೀಪಕ್ ತೆರೆದು ನೋಡಿಯಾನು, ಮುದುಕಿ ಮತ್ತೆ ಗೋಡೆಗೆ ಅಂಟಿಕೊಂಡು ಕೂರಬೇಕಾದೀತು. ಗುರುತುಗಳನ್ನು ಆರಿಸಿದ್ದು ನನ್ನ ತಪ್ಪು, ಇನ್ನು ಮುಂದೆ ನಂಬರು ಮಾತ್ರ, ಯಾವ ನಂಬರು ಯಾರದು ಎಂಬ ಪಟ್ಟಿ ಬೇರೆ ಬೀಗದಲ್ಲಿ, ಒಂದು ಊರಿನ ಉತ್ತರವನ್ನು ಬಿಡಿಯಾಗಿ ತೋರಿಸದೆ ಹತ್ತಾರು ಊರುಗಳದನ್ನು ಕೂಡಿಸಿಯೇ ಹಂಚುವುದು, ಎಂದು ಬರೆದಳು. ಸಮಿತಿಯವರು ಈ ಪುಟವನ್ನೂ ಹೊಗಳಿದರು. ತಪ್ಪೊಪ್ಪಿಕೊಂಡ ಪ್ರಾಮಾಣಿಕತೆ ಮಾದರಿಯಾಗಿದೆ ಎಂದರು. ಹಾಸನದವರು ಇನ್ನೊಮ್ಮೆ ಕರೆದಾಗ ಅವಳು ಹೋಗಲಿಲ್ಲ.

ಊರಿನಲ್ಲಿ ಮಾತ್ರ ಸಂಗತಿ ಬೇರೆಯಾಗಿತ್ತು. ಹೇಮಾಳ ಸೀರೆಯ ಅಂಚು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಜಗಲಿಯ ಮೇಲಿದ್ದ ಹಿರಿಯರು ಉತ್ತರ ಸಿದ್ಧ ಮಾಡಿಕೊಳ್ಳುತ್ತಿದ್ದರು. ಊಟ ಹೆಂಗೆ? ಚೆನ್ನಾಗೈತೆ. ಹೊಟ್ಟೆ ತುಂಬ್ತದಾ? ತುಂಬ್ತದೆ. ಸೊಸೆ ಕೇಳ್ತಾಳಾ? ಕೇಳ್ತಾಳೆ, ಬರ್ಕೊ. ಗಾಣದ ಮನೆ ಅಜ್ಜ ತಾನು ಬೆಲ್ಲವನ್ನು ಮುಟ್ಟಿಯೇ ಇಲ್ಲ ಎಂದ. ಅವನ ಮೀಸೆಯಲ್ಲಿ ಬೆಲ್ಲದ ಚೂರಿತ್ತು ಎಂದು ಹೇಮಾ ನನಗೆ ಹೇಳಿದಳು, ನಗದೆ ಹೇಳಿದಳು. ಮನೆ ಮನೆಯಲ್ಲೂ ಅದೇ ಉತ್ತರ. ಈಗಿನ ಫೈಲನ್ನು ಯಾರಿಗೆ ಬೇಕಾದರೂ ಧೈರ್ಯವಾಗಿ ಹಂಚಬಹುದು, ಅದರಲ್ಲಿ ಏನೂ ಇಲ್ಲ.

ಕೊನೆಗೆ ಉಳಿದದ್ದು ರೇಡಿಯೋ ಮನೆ. ಬಿಟ್ಟುಬಿಡೋಣ ಎಂದುಕೊಂಡಳಂತೆ. ಬಿಟ್ಟರೆ ಅದೇ ಒಂದು ಗುರುತಾಗುತ್ತದೆ ಎಂದು ಹೋದಳು. ದಿವ್ಯಾ ಕಾಫಿ ಕೊಟ್ಟು ಪಕ್ಕದಲ್ಲೇ ಕೂತಳು. ಮಹದೇವಮ್ಮ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟರು. ಕೇಳ್ತಾಳೆ. ತುಂಬ್ತದೆ. ಹಸ್ಕಂಡು ಯಾವತ್ತೂ ಮಲಗಿಲ್ಲ. ಹೇಮಾ ತಲೆ ಬಗ್ಗಿಸಿ ಬರೆದುಕೊಂಡು ಎದ್ದಳು.

ಮುದುಕಿ ಬೇಲಿಯವರೆಗೆ ಕಳಿಸಲು ಬಂದರು. ಮೊದಲಿಗಿಂತ ಇಳಿದುಹೋಗಿದ್ದರು, ಕೈಯ ಬಳೆ ಮೊಣಕೈಯವರೆಗೆ ಜಾರುತ್ತಿತ್ತು. ಮನೆಯ ಕಡೆ ಒಮ್ಮೆ ತಿರುಗಿ ನೋಡಿ ಹೇಮಾಳ ಕೈ ಹಿಡಿದುಕೊಂಡರು.

"ಈಗ ದಿನಾ ಕೇಳ್ತಾಳೆ ಕಣವ್ವ, ಪಕ್ಕದ ಮನೆಗೂ ಕೇಳಂಗೆ ಕೇಳ್ತಾಳೆ. ಇನ್ನೊಂದು ಇಕ್ಲಾ ಅತ್ತೆ, ಇನ್ನೊಂದು ಇಕ್ಲಾ ಅತ್ತೆ. ನಾನೇ ಬ್ಯಾಡ ಅಂತೀನಿ. ಹೂಂ ಅಂದ್ರೆ ಅವತ್ತು ಅಂದಿದ್ದು ದಿಟ ಅಂತ ಆಯ್ತದಲ್ಲ." ಆಮೇಲೆ, "ಇದ್ನ ಬರ್ಕಬ್ಯಾಡ" ಎಂದರು.

ಹೇಮಾ ಬರೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ನನಗೆ ಹೇಳಿ, ಜಾವಗಲ್ ದಾಟಿದ ಮೇಲೂ ಕಿಟಕಿಯ ಆಚೆಗೇ ನೋಡುತ್ತಿದ್ದಳು. ಮಾಹಿತಿ ಮೊನ್ನೆ ಪ್ರಕಟವಾಯಿತು, ಹೆಸರಿಲ್ಲ, ಮನೆಯಿಲ್ಲ, ಬರೀ ನಂಬರು. ಎಲ್ಲೋ ನಡುವಿನ ಒಂದು ಸಾಲಿನಲ್ಲಿ ಹೊಟ್ಟೆ ತುಂಬುತ್ತದೆ ಎಂದು ಬರೆದಿದೆ. ಯಾರು ಬೇಕಾದರೂ ತೆರೆದು ನೋಡಬಹುದು.